ಮೊಬೈಲಿನೊಳಗೆ ಡೆಬಿಯನ್: ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಒಂದು ಮೇಜು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಧ್ವನಿ ಕೇಳ್ತಾ ಉಂಟು ಅಂತ ಚಾಟಿನಲ್ಲಿ ಬರೆದಿದ್ದೀರಿ, ಹಾಗಾಗಿ ನೇರ ವಿಷಯಕ್ಕೆ ಬರ್ತೇನೆ.

ಬೆಳಗ್ಗಿನಿಂದ ಶಾಸನ, ಜಾನಪದ, ಉಪಭಾಷೆ, ಕನ್ನಡ ಶಾಲೆಗಳ ಸ್ಥಿತಿ ಇವುಗಳ ಬಗ್ಗೆ ಕೇಳಿದ್ದೇವೆ. ಇವುಗಳ ನಡುವೆ ಕನ್ನಡ ವಿಭಾಗದ ಒಬ್ಬ ಸಂಶೋಧನಾ ವಿದ್ಯಾರ್ಥಿ ಮೊಬೈಲಿನೊಳಗೆ ಡೆಸ್ಕ್‌ಟಾಪ್ ಕಾರ್ಯವ್ಯವಸ್ಥೆ ಓಡಿಸುವ ವಿಷಯ ತೆಗೆದರೆ, ಇದೆಂತ, ದಾರಿ ತಪ್ಪಿ ಬಂದ ಎಂಜಿನಿಯರಾ ಅಂತ ಅನ್ನಿಸಬಹುದು. ಹಾಗಲ್ಲ. ಪ್ರಬಂಧದ ವಸ್ತುವಿನ ಬಗ್ಗೆ ನಾವು ಗಂಟೆಗಟ್ಟಲೆ ಮಾತಾಡ್ತೇವೆ, ಆ ಪ್ರಬಂಧ ಯಾವ ಯಂತ್ರದಲ್ಲಿ ತಯಾರಾಯಿತು ಅಂತ ಮಾತಾಡುವುದಿಲ್ಲ. ನಮ್ಮಲ್ಲಿ ಹಲವರ ಹತ್ತಿರ ಕಂಪ್ಯೂಟರ್ ಇಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಡಿಟಿಪಿ ಅಂಗಡಿಗೆ ಕಳಿಸಿ, ಅವರು ಅದನ್ನು ಮತ್ತೆ ಟೈಪ್ ಮಾಡಿ, ತಪ್ಪು ತಿದ್ದಿಸಲಿಕ್ಕೆ ಮೂರು ಸಲ ಬಸ್ಸು ಹತ್ತಿ ಹೋಗುವುದು ನಮ್ಮ ಪದ್ಧತಿ. ಕರ್ನಾಟಕದ ಒಳಗೆ ಇರುವವರಿಗೆ ಅಂಗಡಿ ಬೀದಿ ಬೀದಿಯಲ್ಲಿ ಉಂಟು. ಗಡಿಯ ಈಚೆ ಕನ್ನಡ ಟೈಪಿಂಗ್ ಗೊತ್ತಿರುವವರನ್ನು ಹುಡುಕುವುದೇ ಒಂದು ಕ್ಷೇತ್ರಕಾರ್ಯ!

ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಮ್ಮ ಕೈಯಲ್ಲಿರುವ ಫೋನಿನಲ್ಲಿ ಕಂಪ್ಯೂಟರಿನ ಶಕ್ತಿ ಇಲ್ಲ ಎಂಬುದು ಸರಿಯಲ್ಲ. ಶಕ್ತಿ ಉಂಟು. ಇಲ್ಲದಿರುವುದು ಆ ಶಕ್ತಿಯನ್ನು ಬಳಸಿ ಕೂತು ಕೆಲಸ ಮಾಡುವ ಮೇಜು. ಆ ಮೇಜನ್ನು ಫೋನಿನೊಳಗೇ ಹಾಕಿಕೊಳ್ಳಬಹುದು, ದುಡ್ಡು ಕೊಡದೆ, ಫೋನನ್ನು ಹಾಳು ಮಾಡದೆ. ಹೇಗೆ, ಎಷ್ಟರ ಮಟ್ಟಿಗೆ ಎಂಬುದನ್ನು ವಿವರಿಸ್ತೇನೆ.

ಫೋನಿನ ಅಡಿಪಾಯ

ಆಂಡ್ರಾಯ್ಡ್ ಫೋನಿನ ತಳದಲ್ಲಿ ಕೂತಿರುವುದು ಲಿನಕ್ಸ್ ಕರ್ನೆಲ್. ಕರ್ನೆಲ್ ಅಂದರೆ ಯಂತ್ರಾಂಶಕ್ಕೂ ತಂತ್ರಾಂಶಕ್ಕೂ ನಡುವೆ ನಿಂತು ಮೆಮೊರಿ ಹಂಚುವ, ಕಡತ ತೆರೆದು ಕೊಡುವ, ಯಾವ ಕಾರ್ಯಕ್ರಮಕ್ಕೆ ಎಷ್ಟು ಹೊತ್ತು ಪ್ರೊಸೆಸರ್ ಸಿಗಬೇಕು ಅಂತ ತೀರ್ಮಾನಿಸುವ ಭಾಗ. ದೊಡ್ಡ ದೊಡ್ಡ ಸರ್ವರುಗಳಲ್ಲಿ ಇರುವುದೂ ಇದೇ ಮನೆತನದ ಕರ್ನೆಲ್. ಹಾಗಾದರೆ ಲಿನಕ್ಸಿನ ಲಿಬ್ರೆ ಆಫೀಸನ್ನು ನೇರವಾಗಿ ಫೋನಿಗೆ ಹಾಕಿದರೆ ಯಾಕೆ ಓಡುವುದಿಲ್ಲ?

ಅಡಿಪಾಯ ಒಂದೇ ಆದರೂ ಮೇಲೆ ಕಟ್ಟಿದ ಮನೆ ಬೇರೆ. ಸಾಮಾನ್ಯ ಲಿನಕ್ಸಿನಲ್ಲಿ ಹೆಚ್ಚಿನ ಕಾರ್ಯಕ್ರಮಗಳು ಜಿಲಿಬ್‌ಸಿ ಎಂಬ ಮೂಲ ಗ್ರಂಥಾಲಯವನ್ನು ನಂಬಿಕೊಂಡಿರ್ತವೆ. ಆಂಡ್ರಾಯ್ಡಿನಲ್ಲಿ ಅದರ ಬದಲು ಬಯೋನಿಕ್ ಎಂಬ ಗೂಗಲ್ಲಿನ ಸಣ್ಣ ಗ್ರಂಥಾಲಯ ಉಂಟು. ಕಡತಗಳನ್ನು ಇಡುವ ಜಾಗವೂ ಬೇರೆ. ಲಿನಕ್ಸಿನ ಕಾರ್ಯಕ್ರಮ ತನ್ನ ಸಾಮಾನು ಅಡುಗೆಮನೆಯ ಎಡಗಡೆ ಕಪಾಟಿನಲ್ಲಿ ಉಂಟು ಅಂತ ಹೋಗಿ ನೋಡಿದರೆ ಅಲ್ಲಿ ಕಪಾಟೇ ಇಲ್ಲ. ಸಾಲದ್ದಕ್ಕೆ ಆಂಡ್ರಾಯ್ಡ್ ಪ್ರತಿಯೊಂದು ಆ್ಯಪನ್ನೂ ಅದರದೇ ಕೋಣೆಯಲ್ಲಿ ಕೂಡಿಹಾಕ್ತದೆ. ಆಚೆ ಕೋಣೆಯ ಬಾಗಿಲು ತಟ್ಟಲಿಕ್ಕೂ ಅನುಮತಿ ಬೇಕು.

ಪ್ರೊಸೆಸರಿನ ವಿಷಯ ಇನ್ನೊಂದು. ನಮ್ಮ ಫೋನುಗಳಲ್ಲಿರುವುದು ಆರ್ಮ್ ಜಾತಿಯ ಪ್ರೊಸೆಸರ್. ವಿಂಡೋಸ್ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಇರುವುದು ಇಂಟೆಲ್, ಎಎಂಡಿಗಳ ಎಕ್ಸ್86. ಇವೆರಡರ ಯಂತ್ರಭಾಷೆ ಬೇರೆ ಬೇರೆ. ಅದೃಷ್ಟಕ್ಕೆ ಲಿನಕ್ಸ್ ಲೋಕದವರು ಎರಡು ಭಾಷೆಗಳಲ್ಲೂ ತಮ್ಮ ಸಾಮಾನು ತಯಾರು ಮಾಡಿ ಇಟ್ಟಿದ್ದಾರೆ. ಡೆಬಿಯನ್ ಎಂಬ ವಿತರಣೆ 2015ರಲ್ಲಿ ಬಂದ ಎಂಟನೇ ಆವೃತ್ತಿಯಿಂದ 64 ಬಿಟ್ ಆರ್ಮಿಗೆ ಅಧಿಕೃತವಾಗಿ ಸಿಗ್ತಾ ಉಂಟು. ಹತ್ತಾರು ಸಾವಿರ ಪ್ಯಾಕೇಜುಗಳು, ನಮ್ಮ ಫೋನಿನ ಯಂತ್ರಭಾಷೆಯಲ್ಲೇ, ಆಗಲೇ ತಯಾರಾಗಿ ಕೂತಿವೆ. ನಮ್ಮ ಕೆಲಸ ಅವುಗಳಿಗೆ ಬೇಕಾದ ಕಪಾಟು ಜೋಡಿಸಿ ಕೊಡುವುದು ಮಾತ್ರ.

ವಿಳಾಸ ಬದಲಿಸುವುದು, ಭಾಷಾಂತರ ಮಾಡುವುದು

ಇಲ್ಲಿ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಯೂಟ್ಯೂಬಿನ ವಿಡಿಯೋಗಳು ಇವೆರಡನ್ನೂ ಕಲಸಿ ಹೇಳ್ತವೆ, ಗೊಂದಲ ಶುರುವಾಗುವುದು ಅಲ್ಲೇ.

ಮೊದಲನೆಯದು ಭಾಷಾಂತರದ ದಾರಿ. ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಚೇರಿಯಲ್ಲಿ ಮಲಯಾಳದ ಅರ್ಜಿ ಕೊಡ್ತಾರೆ. ಮಲಯಾಳ ಓದಲಿಕ್ಕೆ ಬಾರದ ನಮ್ಮ ಹಿರಿಯರು ಪಕ್ಕದಲ್ಲಿ ಒಬ್ಬನನ್ನು ಕೂರಿಸಿಕೊಳ್ತಾರೆ. ಅವನು ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳ್ತಾನೆ, ಇವರು ಉತ್ತರಿಸ್ತಾರೆ, ಅವನು ಮಲಯಾಳದಲ್ಲಿ ಬರೀತಾನೆ. ಕೆಲಸ ಆಗ್ತದೆ, ಆದರೆ ಐದು ನಿಮಿಷದ್ದು ಒಂದು ಗಂಟೆ ಹಿಡೀತದೆ. ಎಮ್ಯುಲೇಟರ್ ಅಂದರೆ ಇದೇ ದುಭಾಷಿ. ಕ್ಯೂಎಂಯು ಎಂಬ ತಂತ್ರಾಂಶ, ಅದನ್ನೇ ಆಂಡ್ರಾಯ್ಡಿಗೆ ತಂದ ಲಿಂಬೋ ಎಂಬ ಆ್ಯಪ್, ಫೋನಿನೊಳಗೆ ಒಂದು ಸುಳ್ಳು ಎಕ್ಸ್86 ಕಂಪ್ಯೂಟರನ್ನು ಸೃಷ್ಟಿಸಿ, ಅದರ ಪ್ರತಿಯೊಂದು ಆದೇಶವನ್ನೂ ಆರ್ಮಿಗೆ ಭಾಷಾಂತರಿಸ್ತವೆ. ವಿಂಡೋಸ್ 98, ಎಕ್ಸ್‌ಪಿ ಎಲ್ಲ ಫೋನಿನ ಪರದೆಯಲ್ಲಿ ಬಂದು ನಿಲ್ತವೆ. ನೋಡಲಿಕ್ಕೆ ಚಂದ. ಸ್ಟಾರ್ಟ್ ಬಟನ್ ಒತ್ತಿ ಚಹಾ ಕುಡಿದು ಬರಬಹುದು.

ಇದರಲ್ಲೂ ಜಾಣ ದುಭಾಷಿಗಳಿದ್ದಾರೆ. ಬಾಕ್ಸ್64 ಎಂಬುದು ಇಡೀ ಕಂಪ್ಯೂಟರನ್ನು ನಟಿಸದೆ ಒಂದು ಕಾರ್ಯಕ್ರಮದ ಆದೇಶಗಳನ್ನು ಮಾತ್ರ ಭಾಷಾಂತರಿಸ್ತದೆ. ವೈನ್ ಎಂಬುದು ವಿಂಡೋಸ್ ಒದಗಿಸುವ ಸೇವೆಗಳನ್ನು ತಾನೇ ಒದಗಿಸ್ತದೆ. ಎರಡನ್ನೂ ಒಟ್ಟು ಮಾಡಿದ ವಿನ್‌ಲೇಟರ್ ಎಂಬ ಆ್ಯಪ್‌ನಲ್ಲಿ ಹುಡುಗರು ವಿಂಡೋಸಿನ ಆಟಗಳನ್ನೂ ಆಡ್ತಾರೆ. ಆದರೆ ಪ್ರಬಂಧ ಬರೆಯುವವರು ಹೋಗಬೇಕಾದ ದಾರಿ ಇದಲ್ಲ ಅಂತ ನನ್ನ ಅಭಿಪ್ರಾಯ. ಹಾಗೆಯೇ ಇಂಟರ್ನೆಟ್ಟಿನಲ್ಲಿ ‘ಫೋನಿಗೆ ಎಕ್ಸ್‌ಪಿ, ಒಂದೇ ಕ್ಲಿಕ್’ ಅಂತ ಸಿಗುವ ಸಿದ್ಧ ಕಡತಗಳನ್ನು ದಯವಿಟ್ಟು ಇಳಿಸಿಕೊಳ್ಳಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲಿನಲ್ಲೇ ಮುಗಿದಿದೆ. ಆ ಕಡತದೊಳಗೆ ಯಾರು ಎಂತ ತುಂಬಿಸಿ ಇಟ್ಟಿದ್ದಾರೆ ಅಂತ ಹೇಳಲಿಕ್ಕೆ ಬರುವುದಿಲ್ಲ.

ಎರಡನೆಯದು ವಿಳಾಸ ಬದಲಿಸುವ ದಾರಿ. ಇಲ್ಲಿ ಭಾಷಾಂತರವೇ ಇಲ್ಲ, ಯಾಕೆಂದರೆ ಆರ್ಮಿಗೆ ತಯಾರಾದ ಡೆಬಿಯನ್, ಆರ್ಮ್ ಫೋನು, ಎರಡೂ ಒಂದೇ ಭಾಷೆ ಮಾತಾಡ್ತವೆ. ತೊಂದರೆ ಕಪಾಟಿನದ್ದು ಮಾತ್ರ ಅಂತ ಆಗಲೇ ಹೇಳಿದೆ. ಪ್ರೂಟ್ ಎಂಬ ಸಣ್ಣ ಉಪಕರಣ ಅದನ್ನು ಹೀಗೆ ಪರಿಹರಿಸ್ತದೆ: ಡೆಬಿಯನ್ನಿನ ಎಲ್ಲ ಕಡತಗಳನ್ನು ಒಂದು ಆ್ಯಪಿನ ಸ್ವಂತ ಕೋಣೆಯೊಳಗೆ ಒಂದು ಫೋಲ್ಡರಿನಲ್ಲಿ ಇಡ್ತದೆ. ಲಿಬ್ರೆ ಆಫೀಸು ‘ಮೂಲ ಫೋಲ್ಡರಿನ ಇಂಥ ಜಾಗದಲ್ಲಿರುವ ಕಡತ ಕೊಡು’ ಅಂತ ಕರ್ನೆಲನ್ನು ಕೇಳಿದ ಕೂಡಲೇ ಪ್ರೂಟ್ ನಡುವೆ ಬಂದು ಆ ಕೋರಿಕೆಯನ್ನು ಒಂದು ಕ್ಷಣ ನಿಲ್ಲಿಸಿ, ವಿಳಾಸವನ್ನು ತನ್ನ ಫೋಲ್ಡರಿನ ವಿಳಾಸಕ್ಕೆ ತಿದ್ದಿ, ಮುಂದೆ ಬಿಡ್ತದೆ. ಮನೆ ಬದಲಿಸಿದವರಿಗೆ ಹಳೆ ವಿಳಾಸದ ಕಾಗದವನ್ನು ಹೊಸ ಮನೆಗೆ ತಂದು ಕೊಡುವ ಅಂಚೆಯಣ್ಣನ ಹಾಗೆ. ಲಿಬ್ರೆ ಆಫೀಸಿಗೆ ತಾನು ನಿಜವಾದ ಡೆಬಿಯನ್ ಕಂಪ್ಯೂಟರಿನಲ್ಲಿ ಇದ್ದೇನೆ ಅಂತಲೇ ಭಾವನೆ.

ಹೀಗೆ ತಡೆದು ತಿದ್ದಲಿಕ್ಕೆ ಪ್ರೂಟ್ ಬಳಸುವುದು ಪಿಟ್ರೇಸ್ ಎಂಬ ಸೌಲಭ್ಯವನ್ನು. ಅದು ಕಾರ್ಯಕ್ರಮಗಳ ದೋಷ ಹುಡುಕಲಿಕ್ಕೆ ಅಂತ ಕರ್ನೆಲಿನಲ್ಲೇ ಇಟ್ಟದ್ದು. ಫೋನನ್ನು ರೂಟ್ ಮಾಡಬೇಕಾಗಿಲ್ಲ ಎಂಬುದು ದೊಡ್ಡ ಲಾಭ. ನಷ್ಟವೂ ಉಂಟು: ಪ್ರತಿ ಕೋರಿಕೆಗೂ ಒಂದು ತಡೆ ಇರುವುದರಿಂದ ಸಾವಿರಾರು ಸಣ್ಣ ಕಡತಗಳನ್ನು ತೆರೆದು ಮುಚ್ಚುವ ಕೆಲಸ, ಅಂದರೆ ಪ್ಯಾಕೇಜುಗಳ ಅಳವಡಿಕೆಯಂಥದ್ದು, ನಿಧಾನ ಆಗ್ತದೆ. ಒಮ್ಮೆ ತೆರೆದ ಮೇಲೆ ಟೈಪ್ ಮಾಡುವಾಗ, ಲೆಕ್ಕ ಹಾಕುವಾಗ ಆ ನಿಧಾನ ಅಷ್ಟಾಗಿ ಗೊತ್ತಾಗುವುದಿಲ್ಲ.

ಮೂರನೇ ದಾರಿಯೊಂದು ಈಗ ತೆರೀತಾ ಉಂಟು. ಪ್ರೊಸೆಸರಿನಲ್ಲೇ ಇರುವ ಸೌಲಭ್ಯ ಬಳಸಿ ಫೋನಿನೊಳಗೆ ಇನ್ನೊಂದು ಪ್ರತ್ಯೇಕ ಯಂತ್ರವನ್ನು ಓಡಿಸುವುದು. 2025ರ ಮಾರ್ಚಿನಲ್ಲಿ ಪಿಕ್ಸೆಲ್ ಫೋನುಗಳಿಗೆ ಬಂದ ಅಪ್‌ಡೇಟಿನಲ್ಲಿ ಗೂಗಲ್ಲೇ ‘ಟರ್ಮಿನಲ್’ ಎಂಬ ಆ್ಯಪ್ ಕೊಟ್ಟು ಅದರೊಳಗೆ ಡೆಬಿಯನ್ ಓಡುವ ಹಾಗೆ ಮಾಡಿತು. ಒಳ್ಳೆಯದೇ. ಆದರೆ ನಮ್ಮಲ್ಲಿ ಪಿಕ್ಸೆಲ್ ಇಟ್ಟುಕೊಂಡವರು ಎಷ್ಟು ಜನ? ಐಫೋನಿನವರಿಗೆ ಐಎಸ್‌ಎಚ್, 2024ರಲ್ಲಿ ಆ್ಯಪ್ ಸ್ಟೋರಿಗೆ ಬಂದ ಯುಟಿಎಂ ಎಸ್‌ಇ ಅಂತ ಉಂಟು. ಎರಡೂ ದುಭಾಷಿ ಜಾತಿಯವು, ನಿಧಾನ.

ಕಂಪನಿಗಳು ಮಾಡಿ ಬಿಟ್ಟದ್ದು

ಫೋನನ್ನೇ ಕಂಪ್ಯೂಟರು ಮಾಡುವ ಯೋಚನೆ ಹೊಸದಲ್ಲ. 2011ರಲ್ಲಿ ಮೊಟೊರೊಲಾ ಏಟ್ರಿಕ್ಸ್ ಎಂಬ ಫೋನನ್ನು ಒಂದು ಖಾಲಿ ಲ್ಯಾಪ್‌ಟಾಪ್ ಚಿಪ್ಪಿಗೆ ಸಿಕ್ಕಿಸಿ ಬಳಸುವ ಹಾಗೆ ತಂದಿತು. 2013ರಲ್ಲಿ ಉಬುಂಟುವಿನ ಕೆನಾನಿಕಲ್ ಕಂಪನಿ ಉಬುಂಟು ಎಡ್ಜ್ ಫೋನಿಗೆ ಜನರಿಂದ 3 ಕೋಟಿ 20 ಲಕ್ಷ ಡಾಲರ್ ಕೇಳಿತು. 1 ಕೋಟಿ 28 ಲಕ್ಷದಷ್ಟು ಬಂತು, ಯೋಜನೆ ನಿಂತಿತು. 2015ರಲ್ಲಿ ಮೈಕ್ರೋಸಾಫ್ಟ್ ಲುಮಿಯಾ 950ರಲ್ಲಿ ಕಂಟಿನ್ಯುಯಮ್ ತಂದಿತು, ಅದರಲ್ಲಿ ಸಾಮಾನ್ಯ ವಿಂಡೋಸ್ ತಂತ್ರಾಂಶಗಳು ಓಡ್ತಾ ಇರಲಿಲ್ಲ. ಸ್ಯಾಮ್‌ಸಂಗ್ 2017ರ ಡೆಕ್ಸನ್ನು ಇವತ್ತಿಗೂ ಉಳಿಸಿಕೊಂಡಿದೆ, ಆದರೆ 2018ರಲ್ಲಿ ಪ್ರಯೋಗಕ್ಕೆ ಬಿಟ್ಟ ‘ಲಿನಕ್ಸ್ ಆನ್ ಡೆಕ್ಸ್’ ಅನ್ನು ಮರುವರ್ಷವೇ ನಿಲ್ಲಿಸಿತು.

ಇವೆಲ್ಲ ಯಾಕೆ ನೆಲೆ ನಿಲ್ಲಲಿಲ್ಲ ಎಂಬುದಕ್ಕೆ ತಾಂತ್ರಿಕ ಕಾರಣಗಳು ಹಲವು. ನನಗೆ ಕಾಣುವ ಕಾರಣ ಸರಳ: ಮನೆಯಲ್ಲಿ ಆಗಲೇ ಕಂಪ್ಯೂಟರು ಇದ್ದವರಿಗೆ ಇವುಗಳನ್ನು ಮಾರಲಿಕ್ಕೆ ಹೊರಟರು. ಕಂಪ್ಯೂಟರು ಇಲ್ಲದವರಿಗೆ ಆ ಫೋನುಗಳ ಬೆಲೆ ಎಟುಕಲಿಲ್ಲ.

ನುಡಿ ಕಡತದ ಗಂಟು

ಈಗ ನಮ್ಮದೇ ವಿಷಯ. ನಮಗೆ ಈ ಮೇಜು ಬೇಕಾದದ್ದು ಎಂತಕ್ಕೆ? ಬರೀ ಟೈಪ್ ಮಾಡಲಿಕ್ಕಾದರೆ ಬೇಡ. ಮೊಬೈಲಿನಲ್ಲೇ ಕನ್ನಡ ಚೆನ್ನಾಗಿ ಟೈಪ್ ಆಗ್ತದೆ. ಬೇಕಾದದ್ದು ಇಂಥ ಕಡೆ:

ನಿಮ್ಮ ವಿಭಾಗದ ಹಳೆ ಸಿ.ಡಿ.ಯಲ್ಲೋ ಮೇಷ್ಟರ ಪೆನ್‌ಡ್ರೈವಿನಲ್ಲೋ ಇಪ್ಪತ್ತು ವರ್ಷದ ಹಿಂದೆ ಟೈಪ್ ಮಾಡಿದ ಪಾಡ್ದನದ ಪಠ್ಯ, ಸಂದರ್ಶನ, ಗ್ರಾಮಚರಿತ್ರೆ ಇರ್ತದೆ. ಫೋನಿನಲ್ಲಿ ತೆರೆದರೆ ಕನ್ನಡ ಎಂಬ ಪದ ಹೀಗೆ ಕಾಣ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟು ಎಳೆದ ಎ, ಪೌಂಡ್ ಹಣದ ಗುರುತು, ಮತ್ತೆ ಆ ಗೀಟಿನ ಎ, ಜರ್ಮನ್ನಿನ ಎಸ್‌ಜೆಟ್ ಅಕ್ಷರ, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಕಡತ ಹಾಳಾಗಿದೆ ಅಂತ ಎಷ್ಟೋ ಜನ ಅಳಿಸಿ ಹಾಕ್ತಾರೆ. ಕಡತ ಹಾಳಾಗಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರು ತಂದ ಬರಹ, ಇಂಥವು ಬಂದ ಕಾಲದಲ್ಲಿ ಯುನಿಕೋಡ್ ಕನ್ನಡ ಕಾಗದದ ಮೇಲೆ ಇತ್ತು, ಆದರೆ ಆಗಿನ ಕಂಪ್ಯೂಟರುಗಳಲ್ಲಿ ಅದು ಸರಿಯಾಗಿ ಮೂಡ್ತಾ ಇರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಪಿ ಇರುವಲ್ಲಿ ಕಕಾರದ ಮೈ, ಗೀಟಿನ ಎ ಇರುವಲ್ಲಿ ತಲೆಕಟ್ಟು, ಎಸ್‌ಜೆಟ್ ಇರುವಲ್ಲಿ ನಕಾರದ ಒತ್ತು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ.

ಯುನಿಕೋಡಿಗೆ ಬದಲಿಸುವುದು ಬರೀ ಅಕ್ಷರಕ್ಕೆ ಅಕ್ಷರ ಹಾಕುವ ಕೆಲಸವಲ್ಲ. ‘ಸೂರ್ಯ’ ಬರೆಯುವಾಗ ನುಡಿ ಕಡತದಲ್ಲಿ ಮೊದಲು ಯಕಾರ, ಆಮೇಲೆ ಅರ್ಕಾವೊತ್ತು ಬರ್ತದೆ, ಕಾಗದದ ಮೇಲೆ ನಾವು ಬರೆಯುವ ಹಾಗೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ಅರ್ಧ ರಕಾರ, ಆಮೇಲೆ ಯಕಾರ. ಅಂದರೆ ಅರ್ಕಾವೊತ್ತು ಸಿಕ್ಕಿದಲ್ಲೆಲ್ಲ ಹಿಂದೆ ಹೋಗಿ ಇಡೀ ಅಕ್ಷರದ ಆರಂಭ ಎಲ್ಲಿ ಅಂತ ಹುಡುಕಿ ಅದರ ಮುಂದೆ ಕೂರಿಸಬೇಕು. ಇದನ್ನು ಮಾಡುವ ತೆರೆದ ಆಕರದ ಸ್ಕ್ರಿಪ್ಟುಗಳು ಸಿಗ್ತವೆ. ಇನ್ನೂರು ಕಡತಗಳನ್ನು ಒಂದೇ ಆದೇಶಕ್ಕೆ ಬದಲಿಸಬೇಕಾದರೆ ಪೈಥಾನ್ ಬೇಕು, ಹಳೆ ವರ್ಡ್ ಕಡತ ತೆರೆಯಲಿಕ್ಕೆ ಲಿಬ್ರೆ ಆಫೀಸು ಬೇಕು. ಎರಡೂ ಡೆಬಿಯನ್ನಿನಲ್ಲಿವೆ. ನೋಡಿ, ನುಡಿ ಕಡತಕ್ಕಾಗಿ ವಿಂಡೋಸನ್ನೇ ಫೋನಿಗೆ ತರಬೇಕು ಎಂಬ ಭಾವನೆ ಇಲ್ಲಿ ಬಿದ್ದು ಹೋಗ್ತದೆ. ನಮಗೆ ಬೇಕಾದದ್ದು ಬರೆದದ್ದು, ಬರೆದ ಯಂತ್ರವಲ್ಲ.

ಇನ್ನೊಂದು ಉದಾಹರಣೆ ಪದಗಳ ಹುಡುಕಾಟ. ಕಾಸರಗೋಡಿನ ಹವ್ಯಕರ ಮಾತಿನಲ್ಲಿ ‘ಎಂದು’ ಎಂಬ ಅರ್ಥಕ್ಕೆ ‘ಹೇಳಿ’ ಬರ್ತದೆ. ಹೇಳುವ ಕ್ರಿಯೆಗೂ ‘ಹೇಳಿ’ಯೇ. ಇವೆರಡನ್ನು ಬೇರ್ಪಡಿಸಿ ಎಣಿಸಬೇಕಾದರೆ ಪ್ರತಿಯೊಂದು ಪ್ರಯೋಗವನ್ನೂ ಹಿಂದುಮುಂದಿನ ಪದಗಳ ಸಮೇತ ನೋಡಬೇಕು. ಫೋನಿನ ಬರವಣಿಗೆ ಆ್ಯಪಿನಲ್ಲಿ ಒಂದೊಂದೇ ಕಡತ ತೆರೆದು ಹುಡುಕಿದರೆ ಒಂದು ಸೆಮಿಸ್ಟರ್ ಮುಗೀತದೆ. ಗ್ರೆಪ್ ಎಂಬ ಆದೇಶ ಇಡೀ ಫೋಲ್ಡರನ್ನು ಜಾಲಾಡಿ, ‘ಹೇಳಿ’ ಇರುವ ಸಾಲುಗಳನ್ನೆಲ್ಲ ಕಡತದ ಹೆಸರಿನ ಸಮೇತ ಒಂದು ಪಟ್ಟಿ ಮಾಡಿ ಕೊಡ್ತದೆ. ನೀಲಗಿರಿಯಿಂದ ಬಡಗ ಭಾಷೆಯ ಧ್ವನಿಮುದ್ರಣ ಮಾಡುವವರಿಗೆ ಸ್ವರದ ಉದ್ದ, ಏರಿಳಿತ ಅಳೆಯುವ ಪ್ರಾಟ್ ಎಂಬ ತಂತ್ರಾಂಶ ಬೇಕಾಗ್ತದೆ. ಅದು ಡೆಸ್ಕ್‌ಟಾಪಿಗೆ ಬರೆದದ್ದು, ಡೆಬಿಯನ್ನಿನಲ್ಲಿ ಸಿಗ್ತದೆ. ಅಚ್ಚಾದ ಪುಟದ ಚಿತ್ರದಿಂದ ಅಕ್ಷರ ಎತ್ತಲಿಕ್ಕೆ ಟೆಸರಾಕ್ಟ್ ಮತ್ತು ಅದರ ಕನ್ನಡ ದತ್ತಾಂಶ ಉಂಟು. ಹಳೆ ಮೊಳೆಯಚ್ಚಿನ ಪುಸ್ತಕಗಳಲ್ಲಿ ಒತ್ತಕ್ಷರಗಳನ್ನು ತಪ್ಪು ಓದ್ತದೆ, ಕರಡು ತಿದ್ದಲೇಬೇಕು.

ಫಾಂಟಿನ ವಿಷಯ ಮರೆಯಬಾರದು. 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಪುಂಡೂರು ವೆಂಕಟರಾಜ ಪುಣಿಂಚತ್ತಾಯರು ಹುಡುಕಿ ಹೊರತಂದ ‘ಶ್ರೀ ಭಾಗವತೊ’ದಂಥ ತಾಳೆಗರಿ ಕೃತಿಗಳ ಲಿಪಿಗೆ ಈಗ ಕಂಪ್ಯೂಟರಿನಲ್ಲಿ ಸ್ವಂತ ಸ್ಥಾನ ಸಿಕ್ಕಿದೆ. ಆದರೆ ಆಂಡ್ರಾಯ್ಡಿನ ಒಳಗಿನ ಫಾಂಟುಗಳಿಗೆ ನಾವಾಗಿ ಏನನ್ನೂ ಸೇರಿಸಲಿಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ, ಕಂಪನಿ ಕೊಟ್ಟರೆ ಉಂಟು. ಡೆಬಿಯನ್ನಿನಲ್ಲಿ ಫಾಂಟು ಕಡತವನ್ನು ಫಾಂಟುಗಳ ಫೋಲ್ಡರಿಗೆ ಹಾಕಿದರೆ ಮುಗೀತು. ಕನ್ನಡಕ್ಕೆ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಒಂದೇ ಪ್ಯಾಕೇಜಿನ ಹೆಸರಿನಲ್ಲಿ ಸಿಗ್ತವೆ.

ಹಾಕುವ ಕ್ರಮ

ಹೆಜ್ಜೆ ಹೆಜ್ಜೆಯಾಗಿ ಎಲ್ಲವನ್ನೂ ಇಲ್ಲಿ ಓದುವುದಿಲ್ಲ, ಗುಂಪಿನಲ್ಲಿ ಕಳಿಸ್ತೇನೆ. ಕ್ರಮ ಮಾತ್ರ ಹೇಳ್ತೇನೆ. ಮೊದಲು ಟರ್ಮಕ್ಸ್ ಎಂಬ ಆ್ಯಪ್ ಬೇಕು. ಇದನ್ನು ಎಫ್-ಡ್ರಾಯ್ಡ್ ಎಂಬ ತೆರೆದ ತಂತ್ರಾಂಶಗಳ ಅಂಗಡಿಯಿಂದ ತೆಗೆದುಕೊಳ್ಳಿ. ಆಂಡ್ರಾಯ್ಡ್ 10ರಿಂದ ಆಚೆ ಒಂದು ನಿಯಮ ಬಂತು: ಹೊಸ ಆ್ಯಪುಗಳು ತಾವು ಇಳಿಸಿಕೊಂಡ ಕಡತವನ್ನು ಕಾರ್ಯಕ್ರಮವಾಗಿ ಓಡಿಸುವ ಹಾಗಿಲ್ಲ. ಟರ್ಮಕ್ಸಿನ ಇಡೀ ಬದುಕೇ ಅದು. ಹಾಗಾಗಿ ಪ್ಲೇ ಸ್ಟೋರಿನ ದಾರಿ ಅದಕ್ಕೆ ಕಷ್ಟವಾಯಿತು, ಎಫ್-ಡ್ರಾಯ್ಡಿನ ಆವೃತ್ತಿಯೇ ಮುಖ್ಯವಾಯಿತು.

ಟರ್ಮಕ್ಸಿನ ಕಪ್ಪು ಪರದೆಯಲ್ಲಿ ಪ್ರೂಟ್-ಡಿಸ್ಟ್ರೋ ಎಂಬ ಪ್ಯಾಕೇಜು ಹಾಕಿ, ಅದಕ್ಕೆ ಡೆಬಿಯನ್ ಇಳಿಸು ಅಂತ ಹೇಳಿದರೆ ಅದೇ ಇಳಿಸಿ ಬಿಚ್ಚಿಡ್ತದೆ. ಒಳಗೆ ಹೋಗಿ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪು, ಕನ್ನಡ ಫಾಂಟುಗಳು, ಲಿಬ್ರೆ ಆಫೀಸು ಹಾಕಬೇಕು. ಎಲ್ಲ ಸೇರಿ 4–5 ಜಿಬಿ ಜಾಗ ಬಿಟ್ಟುಕೊಳ್ಳಿ. ಪರದೆಯಲ್ಲಿ ಚಿತ್ರ ಮೂಡಿಸಲಿಕ್ಕೆ ವಿಎನ್‌ಸಿ ಅಥವಾ ಟರ್ಮಕ್ಸ್-ಎಕ್ಸ್11 ಎಂಬ ಜೊತೆ ಆ್ಯಪ್. ನಾನು ಎರಡನೆಯದನ್ನು ಹೇಳ್ತೇನೆ, ಚುರುಕು.

ಫೋನಿನ ಸಣ್ಣ ಪರದೆಯಲ್ಲಿ ಬೆರಳಿನಿಂದ ಡೆಸ್ಕ್‌ಟಾಪ್ ನಡೆಸುವುದು ಶಿಕ್ಷೆ. ಒಂದು ಕೀಲಿಮಣೆ, ಒಂದು ಮೌಸ್ ಬೇಕೇ ಬೇಕು. ಒಟಿಜಿ ತಂತಿಯಲ್ಲಿ ಸಾಮಾನ್ಯ ಯುಎಸ್‌ಬಿ ಕೀಲಿಮಣೆ ಹೆಚ್ಚಿನ ಫೋನುಗಳಿಗೆ ಹಿಡೀತದೆ. ತಂತಿಯಲ್ಲಿ ಟಿ.ವಿ.ಗೆ ಜೋಡಿಸುವುದು ಎಲ್ಲ ಫೋನುಗಳಲ್ಲಿ ಆಗುವುದಿಲ್ಲ. ಅಗ್ಗದ ಫೋನುಗಳ ಯುಎಸ್‌ಬಿ-ಸಿ ಕಿಂಡಿಯಲ್ಲಿ ಚಿತ್ರ ಕಳಿಸುವ ಸೌಲಭ್ಯ ಇರುವುದಿಲ್ಲ. ಖರೀದಿಗೆ ಮೊದಲು ವಿಚಾರಿಸಿ.

ಇನ್ನು ಮೂರು ಗುಂಡಿಗಳ ಬಗ್ಗೆ ಎಚ್ಚರ. ಒಂದು, ಕೆಲಸ ಮಾಡ್ತಾ ಇರುವಾಗಲೇ ಎಲ್ಲ ಮಾಯವಾಗಿ ‘ಸಿಗ್ನಲ್ 9’ ಅಂತ ಒಂದು ಸಾಲು ಬಂದರೆ ಅದು ನಿಮ್ಮ ತಪ್ಪಲ್ಲ. ಆಂಡ್ರಾಯ್ಡ್ 12ರಿಂದ, ಆ್ಯಪುಗಳು ಹುಟ್ಟಿಸಿದ ಮರಿ ಕಾರ್ಯಕ್ರಮಗಳ ಒಟ್ಟು ಲೆಕ್ಕ 32 ದಾಟಿದರೆ ವ್ಯವಸ್ಥೆಯೇ ಅವುಗಳನ್ನು ಕೊಲ್ತದೆ. ಆಂಡ್ರಾಯ್ಡ್ 14ರಲ್ಲಿ ಡೆವಲಪರ್ ಆಯ್ಕೆಗಳೊಳಗೆ ಈ ನಿರ್ಬಂಧ ತೆಗೆಯುವ ಗುಂಡಿ ಉಂಟು. ಎರಡು, ಟರ್ಮಕ್ಸಿನ ಕಪ್ಪು ಪರದೆಯಲ್ಲಿ ಕನ್ನಡದ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ ಕಾಣ್ತದೆ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ, ನಮ್ಮ ಒತ್ತು ಚೌಕದಲ್ಲಿ ಕೂರುವುದಿಲ್ಲ. ಫಲಿತಾಂಶವನ್ನು ಕಡತಕ್ಕೆ ಬರೆಸಿ ಡೆಸ್ಕ್‌ಟಾಪಿನ ಸಂಪಾದಕದಲ್ಲಿ ತೆರೆಯಿರಿ, ಸರಿ ಇರ್ತದೆ. ಮೂರನೆಯದು ದೊಡ್ಡ ಗುಂಡಿ. ಟರ್ಮಕ್ಸ್ ಆ್ಯಪನ್ನು ಅಳಿಸಿದರೆ ಅದರ ಕೋಣೆಯೊಳಗಿನ ಡೆಬಿಯನ್, ಅದರೊಳಗಿನ ನಿಮ್ಮ ಪ್ರಬಂಧ, ಎಲ್ಲವೂ ಒಟ್ಟಿಗೆ ಹೋಗ್ತದೆ. ಕೇಳಿ ಮರಳಿ ಪಡೆಯುವ ದಾರಿ ಇಲ್ಲ. ಬರಹಗಳನ್ನು ಫೋನಿನ ಸಾಮಾನ್ಯ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲೇ ಇಡುವ ಹಾಗೆ ಅನುಮತಿ ಕೊಟ್ಟುಕೊಳ್ಳಿ, ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿ.

ಒಂದು ಮಾತು ಸೇರಿಸ್ತೇನೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’, ಈಗಿನ ಕೈಟ್, ಮಕ್ಕಳಿಗೆ ಕಲಿಸುವುದು ಲಿನಕ್ಸಿನಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತವರು. ಅವರೇ ಆಮೇಲೆ ಪದವಿಗೆ ಬಂದಾಗ ‘ನಿಮಗೆ ನುಡಿ ಬರುವುದಿಲ್ಲವಾ’ ಅಂತ ಕೇಳಿಸಿಕೊಳ್ತಾರೆ, ತಮಗೆ ಕಂಪ್ಯೂಟರೇ ಗೊತ್ತಿಲ್ಲ ಅಂತ ತಿಳಿದುಕೊಳ್ತಾರೆ. ಅವರಿಗೆ ಗೊತ್ತಿರುವ ಕಂಪ್ಯೂಟರೇ ಈಗ ಅವರ ಕಿಸೆಗೆ ಬರಬಹುದು. ಹಾಗಾಗಿ ಈ ಕೆಲಸದಲ್ಲಿ ಗಡಿಯ ಈಚೆಯವರು ಆಚೆಯವರಿಗೆ ಕಲಿಸುವ ಸ್ಥಾನದಲ್ಲಿದ್ದೇವೆ ಅಂತ ನನಗೆ ಕಾಣ್ತದೆ.

ಚರ್ಚೆ

ಸೊಲ್ಲಾಪುರದಿಂದ ಒಬ್ಬ ವಿದ್ಯಾರ್ಥಿನಿ: ನಮ್ಮ ಬರಹದಾಗ ಮರಾಠಿ ಉಲ್ಲೇಖ ಭಾಳ ಇರ್ತಾವ. ಎರಡಕ್ಕೂ ಬೇರೆ ಬೇರೆ ಕೀಲಿ ವಿನ್ಯಾಸ ಕಲೀಬೇಕಾಗ್ತದೇನು?

ಉತ್ತರ: ಬೇಡ. ಇಲ್ಲಿ ಒಂದು ಸಂತೋಷದ ಸಂಗತಿ ಉಂಟು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ನಾವು ಕಗಪ ಅಂತ ಕರೀತೇವೆ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ. ಲಿನಕ್ಸ್ ಡೆಸ್ಕ್‌ಟಾಪಿನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡಕ್ಕೆ ಮಾತ್ರವಲ್ಲ, ಮರಾಠಿ, ತೆಲುಗು, ಹಿಂದಿ, ಸಂಸ್ಕೃತಕ್ಕೂ ‘ಕಗಪ’ ಎಂಬ ಹೆಸರಿನಲ್ಲೇ ಆ ಧ್ವನಿ ಕ್ರಮ ಉಂಟು. ಕೆ ಒತ್ತಿದರೆ ಅಲ್ಲಿಯೂ ಕಕಾರವೇ. ಸೊಲ್ಲಾಪುರ, ಜತ್ತದವರಿಗೆ, ಆದವಾನಿ, ರಾಯದುರ್ಗದವರಿಗೆ ಅನುಕೂಲ. ಮಲಯಾಳಕ್ಕೆ, ತಮಿಳಿಗೆ ಬೇರೆ ವಿನ್ಯಾಸಗಳಿವೆ, ಅವನ್ನು ಕಲಿಯಬೇಕು.

ಒಬ್ಬ ಪ್ರಾಧ್ಯಾಪಕರು: ಇಷ್ಟೆಲ್ಲ ಯಾಕೆ? ಗೂಗಲ್ ಡಾಕ್ಸಿನಲ್ಲಿ ಬರೆದರೆ ಸಾಲದೆ?

ಉತ್ತರ: ಬರೆಯುವುದಕ್ಕೆ ಸಾಕು ಸರ್. ಬರೀ ಬರೆಯುವವರು ಇದಕ್ಕೆ ಕೈ ಹಾಕುವುದು ಬೇಡ ಅಂತಲೇ ನನ್ನ ಸಲಹೆ. ಕಡತ ಬದಲಿಸುವುದು, ಹುಡುಕುವುದು, ಧ್ವನಿ ಅಳೆಯುವುದು ಅಲ್ಲಿ ಆಗುವುದಿಲ್ಲ. ಮತ್ತೊಂದು ಕಾರಣ ನೈತಿಕವಾದದ್ದು. ಕ್ಷೇತ್ರಕಾರ್ಯದಲ್ಲಿ ಜನ ನಮ್ಮನ್ನು ನಂಬಿ ಜಾತಿಯ ಜಗಳ, ಜಮೀನಿನ ವಿಷಯ, ಮನೆಯ ಕಷ್ಟ ಹೇಳಿರ್ತಾರೆ. ಆ ಧ್ವನಿಯನ್ನು ಎಲ್ಲೋ ಇರುವ ಸರ್ವರಿಗೆ ಏರಿಸದೆ ಫೋನಿನೊಳಗೇ ಕೆಲಸ ಮುಗಿಸಬಹುದು ಎಂಬುದು ಸಣ್ಣ ಸಂಗತಿಯಲ್ಲ. ನೆಟ್‌ವರ್ಕ್ ಸಿಗದ ಊರಿನಲ್ಲೂ ಇದು ನಡೀತದೆ.

ಹೊಸೂರಿನಿಂದ: ನುಡಿ ಕಡತವನ್ನು ಬದಲಿಸದೆ ಇದ್ದ ಹಾಗೆ ಓದಲು ಆಗುತ್ತಾ?

ಉತ್ತರ: ನುಡಿಯ ಫಾಂಟು ಕಡತ ನಿಮ್ಮ ಹತ್ತಿರ ಇದ್ದರೆ ಡೆಬಿಯನ್ನಿನ ಫಾಂಟುಗಳ ಫೋಲ್ಡರಿಗೆ ಹಾಕಿ ಲಿಬ್ರೆ ಆಫೀಸಿನಲ್ಲಿ ತೆರೆಯಿರಿ, ಹೆಚ್ಚಿನ ಸಲ ಕನ್ನಡವಾಗಿಯೇ ಕಾಣ್ತದೆ. ಮೊದಲು ಹೀಗೆ ಓದಿ ಬೆಲೆಯುಳ್ಳದ್ದು ಯಾವುದು ಅಂತ ಆರಿಸಿ, ಆಮೇಲೆ ಬದಲಿಸಿ. ಬದಲಿಸಿದ ಮೇಲೂ ಮೂಲ ಕಡತ ಅಳಿಸಬೇಡಿ. ಅರ್ಕಾವೊತ್ತು, ದೀರ್ಘ ಎಲ್ಲಾದರೂ ತಪ್ಪಿ ಹೋಗಿದ್ದರೆ ಹೋಲಿಸಿ ನೋಡಲಿಕ್ಕೆ ಅದೇ ಆಧಾರ.

ತಾಳವಾಡಿಯಿಂದ: ಇದನ್ನ ಹಾಕುದ್ರೆ ಬ್ಯಾಂಕಿನ ಆ್ಯಪು ನಿಂತೋಗುತ್ತೆ ಅಂತಾರಲ್ಲ, ನಿಜವಾ? ಎಂಥ ಫೋನ್ ಇರಬೇಕು?

ಉತ್ತರ: ಫೋನನ್ನು ರೂಟ್ ಮಾಡಿದರೆ ಬ್ಯಾಂಕಿನ ಆ್ಯಪುಗಳು ತಕರಾರು ಮಾಡ್ತವೆ. ಪ್ರೂಟ್ ರೂಟ್ ಮಾಡುವುದಿಲ್ಲ, ಹೆಸರು ಕೇಳಿ ಗಾಬರಿಯಾಗಬೇಡಿ. ಆದರೆ ಮರಿ ಕಾರ್ಯಕ್ರಮಗಳ ನಿರ್ಬಂಧ ತೆಗೆಯಲಿಕ್ಕೆ ಡೆವಲಪರ್ ಆಯ್ಕೆ ತೆರೆದಿಟ್ಟರೆ ಕೆಲವು ಹಣದ ಆ್ಯಪುಗಳು ‘ಇದನ್ನು ಮುಚ್ಚಿ’ ಅಂತ ಹಠ ಹಿಡಿಯುವುದುಂಟು. ಹಾಗಿದ್ದರೆ ಡೆಸ್ಕ್‌ಟಾಪನ್ನು ನಿಲ್ಲಿಸಿ, ಆಯ್ಕೆ ಮುಚ್ಚಿ, ಹಣ ಕಳಿಸಿ, ಮತ್ತೆ ತೆರೆಯಿರಿ. ಫೋನು 64 ಬಿಟ್‌ನದ್ದಾಗಿರಬೇಕು, 4 ಜಿಬಿ ರ‍್ಯಾಮ್ ಇದ್ದರೆ ಲಿಬ್ರೆ ಆಫೀಸು ನಡೀತದೆ, 6 ಇದ್ದರೆ ಪಕ್ಕದಲ್ಲಿ ಬ್ರೌಸರನ್ನೂ ತೆರೆದಿಡಬಹುದು. ಮನೆಯಲ್ಲಿ ಪರದೆ ಒಡೆದು ಮೂಲೆಗೆ ಸೇರಿದ ಹಳೆ ಫೋನು ಉಂಟಾ? ಮೊದಲ ಪ್ರಯೋಗ ಅದರಲ್ಲೇ ಮಾಡಿ, ದಿನ ಬಳಸುವ ಫೋನನ್ನು ಆಮೇಲೆ ಮುಟ್ಟಿ.